ಆಂಟಿವೈರಸ್ ನವೀಕರಣಕ್ಕೊಂದು ಕೇಂದ್ರ ವ್ಯವಸ್ಥೆ

ಸಗಟು ವ್ಯಾಪಾರದ ಮಳಿಗೆಯೊಂದರಲ್ಲಿ ಹತ್ತು ಮಾರಾಟ ಕೌಂಟರುಗಳಿವೆ ಎಂದು ಭಾವಿಸಬಹುದು. ಬೆಳಿಗ್ಗೆ ಕಂಪನಿಯಿಂದ ಹೊಸ ದರಪಟ್ಟಿ ಬಂದಿದೆ. ಏಳು ಕೌಂಟರುಗಳಿಗೆ ಅದು ತಲುಪಿದೆ. ಎರಡರಲ್ಲಿ ಹೋದ ವಾರದ ಪಟ್ಟಿಯೇ ಇದೆ. ಮೂಲೆಯಲ್ಲಿರುವ ಒಂದರಲ್ಲಿ ಹೋದ ವರ್ಷದ ಪಟ್ಟಿ. ಸಂಜೆ ಗಲ್ಲಾ ಎಣಿಸಿ, ನಷ್ಟ ಎಲ್ಲಿಂದ ಬಂತೆಂದು ಹುಡುಕುವ ಮಾಲೀಕರಿಗೆ ಆ ಏಳು ಕೌಂಟರುಗಳ ಸರಿಯಾದ ಲೆಕ್ಕದಿಂದ ಯಾವ ಸಮಾಧಾನವೂ ದೊರೆಯದು. ಆದ್ದರಿಂದಲೇ ದರಪಟ್ಟಿಯನ್ನು ಪಡೆಯುವ ಹೊಣೆಯನ್ನು ಯಾವ ವ್ಯಾಪಾರಿಯೂ ಆಯಾ ಕೌಂಟರಿನ ಗುಮಾಸ್ತರ ಇಚ್ಛೆಗೆ ಬಿಡುವುದಿಲ್ಲ. ಒಂದೇ ಕಡೆಯಿಂದ ಎಲ್ಲರಿಗೂ ಹಂಚಿ, ತಲುಪಿದ ಬಗ್ಗೆ ಸಹಿ ಪಡೆಯುತ್ತಾರೆ.

ಆದರೆ ಅದೇ ಮಳಿಗೆಯ ಗಣಕಯಂತ್ರಗಳಲ್ಲಿರುವ ಆಂಟಿವೈರಸ್ ತಂತ್ರಾಂಶದ ವಿಷಯದಲ್ಲಿ ಈ ಎಚ್ಚರ ಕಾಣುವುದು ಅಪರೂಪ. ಪ್ರತಿ ಯಂತ್ರಕ್ಕೂ ಒಂದೊಂದು ತಂತ್ರಾಂಶವನ್ನು ಕೊಂಡು ಹಾಕಿಸಲಾಗಿರುತ್ತದೆ. ಅನಂತರ ಅದು ದಿನವೂ ನವೀಕರಣಗೊಳ್ಳುತ್ತಿದೆಯೇ, ಪರವಾನಗಿಯ ಅವಧಿ ಮುಗಿದಿದೆಯೇ, ಕೆಲಸ ನಿಧಾನವಾಗುತ್ತದೆಂದು ಯಾರಾದರೂ ಅದನ್ನು ನಿಲ್ಲಿಸಿದ್ದಾರೆಯೇ ಎಂಬುದನ್ನು ನೋಡುವವರು ಯಾರೂ ಇರುವುದಿಲ್ಲ. ಆಯುಧಪೂಜೆಯ ದಿನ ಪ್ರತಿ ಗಣಕಯಂತ್ರಕ್ಕೂ ತಪ್ಪದೆ ಕುಂಕುಮ ಹಚ್ಚುವ ಸಂಸ್ಥೆಯಲ್ಲಿಯೂ, ಪರದೆಯ ಮೂಲೆಯಲ್ಲಿ ತಿಂಗಳುಗಳಿಂದ ಮಿನುಗುತ್ತಿರುವ ಎಚ್ಚರಿಕೆಯ ಕೆಂಪು ಗುರುತನ್ನು ಯಾರೂ ಗಮನಿಸಿರುವುದಿಲ್ಲ.

ಈ ದೋಷಕ್ಕೆ ಪರಿಹಾರವಾಗಿ ಬಂದಿರುವುದೇ ಕೇಂದ್ರ ಸರ್ವರ್‌ನಿಂದ ಆಂಟಿವೈರಸ್ ನವೀಕರಣವನ್ನು ನಿರ್ವಹಿಸುವ ಪದ್ಧತಿ. ದೊಡ್ಡ ಕಂಪನಿಗಳಲ್ಲಿ ಇದು ಹಳೆಯ ವಿಷಯ. ಹತ್ತು, ಇಪ್ಪತ್ತು ಗಣಕಯಂತ್ರಗಳಿರುವ ಸಣ್ಣ ಉದ್ದಿಮೆಗಳಿಗೂ ಇದು ಕೈಗೆಟುಕುವಂತಿದ್ದು, ಇದರ ಸ್ವರೂಪ, ಲಾಭ ಹಾಗೂ ಮಿತಿಗಳನ್ನು ಉದ್ಯಮಿಗಳು ಅರಿಯುವುದು ಅವಶ್ಯ.

ಗುರುತಿನ ಪಟ್ಟಿ ಎಂದರೇನು?

ಆಂಟಿವೈರಸ್ ತಂತ್ರಾಂಶದಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಕಡತಗಳನ್ನು ಪರೀಕ್ಷಿಸುವ ಎಂಜಿನ್. ಎರಡನೆಯದು ಡೆಫಿನಿಷನ್ ಅಥವಾ ಸಿಗ್ನೇಚರ್ ಎಂದು ಕರೆಯಲಾಗುವ ಗುರುತಿನ ಪಟ್ಟಿ. ಪೊಲೀಸ್ ಠಾಣೆಯಲ್ಲಿ ತೂಗುಹಾಕಿದ ಕಳ್ಳರ ಭಾವಚಿತ್ರಗಳಿದ್ದಂತೆ ಈ ಪಟ್ಟಿಯಲ್ಲಿ ಈವರೆಗೆ ಪತ್ತೆಯಾದ ವೈರಸ್‌ಗಳ ಚಹರೆಗಳಿರುತ್ತವೆ. ಎಂಜಿನ್ ಎಷ್ಟೇ ಸಮರ್ಥವಾಗಿದ್ದರೂ, ಚಿತ್ರವೇ ಇಲ್ಲದ ಕಳ್ಳನನ್ನು ಅದು ಬಹುಪಾಲು ಗುರುತಿಸಲಾರದು. ವೈರಸ್‌ನ ನಡವಳಿಕೆಯನ್ನು ನೋಡಿ ಶಂಕಿಸುವ ವಿಧಾನಗಳು ಇಂದಿನ ತಂತ್ರಾಂಶಗಳಲ್ಲಿ ಇವೆಯಾದರೂ ಪಟ್ಟಿಯ ಮಹತ್ವ ಕಡಿಮೆಯಾಗಿಲ್ಲ.

ಹೊಸ ವೈರಸ್‌ಗಳು ದಿನವೂ ಹುಟ್ಟುತ್ತವೆಯಾದ್ದರಿಂದ ತಯಾರಕರು ಈ ಪಟ್ಟಿಯನ್ನು ದಿನವೂ, ಹಲವರು ದಿನಕ್ಕೆ ಅನೇಕ ಬಾರಿ, ಪರಿಷ್ಕರಿಸಿ ಬಿಡುಗಡೆ ಮಾಡುತ್ತಾರೆ. ಹೀಗಾಗಿ ಆಂಟಿವೈರಸ್ ಎಂಬುದು ಒಮ್ಮೆ ಕೊಂಡು ಗೋಡೆಗೆ ಬಿಗಿದ ಬೀಗದಂತಲ್ಲ, ದಿನಪತ್ರಿಕೆಯ ಚಂದಾದಂತೆ. ಚಂದಾ ಮುಗಿದ ದಿನದಿಂದ ಹೊಸ ಪಟ್ಟಿ ಬರುವುದು ನಿಲ್ಲುತ್ತದೆ. ತಂತ್ರಾಂಶ ಮಾತ್ರ ಪರದೆಯ ಮೇಲೆ ಇದ್ದೇ ಇರುತ್ತದೆ. ಇದೆಯೆಂಬ ಈ ಭಾವನೆಯೇ ಹೆಚ್ಚು ಅಪಾಯಕಾರಿ.

ಒಂದು ಯಂತ್ರದಿಂದ ಇಡೀ ಜಾಲಕ್ಕೆ

ಇಪ್ಪತ್ತರಲ್ಲಿ ಹತ್ತೊಂಬತ್ತು ಯಂತ್ರಗಳು ಸರಿಯಿದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. 2008ರ ಕಾನ್‌ಫಿಕರ್ ಪ್ರಕರಣ ಇದಕ್ಕೆ ಉತ್ತರ ನೀಡುತ್ತದೆ. ವಿಂಡೋಸ್‌ನಲ್ಲಿದ್ದ ಒಂದು ಲೋಪವನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2008ರ ಅಕ್ಟೋಬರ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ನವೆಂಬರ್‌ನಲ್ಲಿ ಆ ಲೋಪವನ್ನೇ ಬಳಸಿಕೊಂಡು ಕಾನ್‌ಫಿಕರ್ ಹರಡತೊಡಗಿತು. ಅನಂತರ ಬಂದ ಅದರ ರೂಪಗಳು ಪೆನ್‌ಡ್ರೈವ್ ಮೂಲಕವೂ, ಸುಲಭ ಪಾಸ್‌ವರ್ಡ್‌ಗಳುಳ್ಳ ಹಂಚಿಕೆಯ ಫೋಲ್ಡರ್‌ಗಳ ಮೂಲಕವೂ ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಿದವು.

ಆ ವೈರಸ್‌ನ ಇನ್ನೊಂದು ಗುಣ ಇಲ್ಲಿ ವಿಶೇಷವಾಗಿ ಗಮನಾರ್ಹ. ತಾನು ಹೊಕ್ಕ ಯಂತ್ರವು ಆಂಟಿವೈರಸ್ ತಯಾರಕರ ಜಾಲತಾಣಗಳನ್ನು ತಲುಪದಂತೆ ಅದು ತಡೆಯುತ್ತಿತ್ತು. ವಿಂಡೋಸ್‌ನ ಸ್ವಯಂ ನವೀಕರಣವನ್ನೂ ನಿಲ್ಲಿಸುತ್ತಿತ್ತು. ಅಂದರೆ, ಗುರುತಿನ ಪಟ್ಟಿಯ ದಿನಾಂಕ ನಿಂತುಹೋಗುವುದು ಬರಿಯ ಅಲಕ್ಷ್ಯದ ಗುರುತಾಗಿರಬೇಕೆಂದಿಲ್ಲ. ರೋಗ ಒಳಹೊಕ್ಕಿರುವ ಲಕ್ಷಣವೂ ಆಗಿರಬಹುದು. ಆ ಯಂತ್ರದ ಮುಂದೆ ಕುಳಿತ ಗುಮಾಸ್ತರಿಗೆ ಇದು ತಿಳಿಯದು. ಎಲ್ಲ ಯಂತ್ರಗಳ ದಿನಾಂಕಗಳನ್ನು ಒಂದೇ ಕಡೆ ಹೋಲಿಸಿ ನೋಡುವವರಿಗೆ ಮಾತ್ರ ತಿಳಿಯುತ್ತದೆ.

ತಯಾರಿಕಾ ಘಟಕಗಳಿಗೆ ಹೆಚ್ಚು ಹತ್ತಿರವಾದ ಪಾಠ 2018ರ ಆಗಸ್ಟ್‌ನಲ್ಲಿ ತೈವಾನಿನಿಂದ ಬಂದಿತು. ಜಗತ್ತಿನ ಅತಿದೊಡ್ಡ ಚಿಪ್ ತಯಾರಕ ಸಂಸ್ಥೆಗಳಲ್ಲೊಂದಾದ ಟಿಎಸ್‌ಎಂಸಿಯ ಕಾರ್ಖಾನೆಗಳಲ್ಲಿ ಯಂತ್ರಗಳು ಏಕಾಏಕಿ ನಿಂತವು. ಹೊಸ ಯಂತ್ರವೊಂದಕ್ಕೆ ತಂತ್ರಾಂಶ ಅಳವಡಿಸುವಾಗ ನಡೆದ ತಪ್ಪಿನಿಂದ, ಅದನ್ನು ಜಾಲಕ್ಕೆ ಜೋಡಿಸಿದೊಡನೆ ವೈರಸ್ ಹರಡಿತೆಂದು ಕಂಪನಿಯೇ ಪ್ರಕಟಿಸಿತು. ಆ ತ್ರೈಮಾಸಿಕದ ವರಮಾನದಲ್ಲಿ ಸುಮಾರು ಶೇ. 3ರಷ್ಟು ಪರಿಣಾಮವಾಗಬಹುದೆಂದು ಅದರ ಮೊದಲ ಅಂದಾಜಾಗಿತ್ತು. ಹೊರಗಿನ ಕಳ್ಳನನ್ನು ತಡೆಯಲು ಅಪಾರ ವೆಚ್ಚ ಮಾಡುವ ಸಂಸ್ಥೆಯಲ್ಲಿ ಸರಬರಾಜಾದ ಹೊಸ ಯಂತ್ರವೇ ಬಾಗಿಲಾಯಿತು. ಪೀಣ್ಯದ ಘಟಕವೊಂದಕ್ಕೆ ಹೊಸ ಸಿಎನ್‌ಸಿ ಯಂತ್ರ ಬಂದಾಗ, ಅದರ ನಿಯಂತ್ರಕ ಗಣಕಯಂತ್ರವನ್ನು ಪರೀಕ್ಷಿಸದೆ ಕಚೇರಿಯ ಜಾಲಕ್ಕೆ ಜೋಡಿಸುವಾಗ ಉಂಟಾಗುವ ಅಪಾಯವೂ ಇದೇ ಬಗೆಯದು.

ಕೇಂದ್ರ ಸರ್ವರ್ ಮಾಡುವ ಕೆಲಸ

ಈ ಪದ್ಧತಿಯಲ್ಲಿ ಸಂಸ್ಥೆಯ ಒಂದು ಗಣಕಯಂತ್ರವು ಉಗ್ರಾಣದಂತೆ ಕೆಲಸ ಮಾಡುತ್ತದೆ. ತಯಾರಕರಿಂದ ಹೊಸ ಗುರುತಿನ ಪಟ್ಟಿಯನ್ನು ಅಂತರಜಾಲದ ಮೂಲಕ ಅದೊಂದೇ ತರಿಸಿಕೊಳ್ಳುತ್ತದೆ. ಉಳಿದ ಯಂತ್ರಗಳಲ್ಲಿ ಏಜೆಂಟ್ ಎಂಬ ಪುಟ್ಟ ತಂತ್ರಾಂಶವಿದ್ದು, ಅದು ನಿಗದಿತ ಅವಧಿಗೊಮ್ಮೆ ಈ ಉಗ್ರಾಣವನ್ನು ವಿಚಾರಿಸಿ, ಹೊಸ ಪಟ್ಟಿ ಬಂದಿದ್ದರೆ ಕಚೇರಿಯ ಒಳಜಾಲದ ಮೂಲಕವೇ ಪಡೆಯುತ್ತದೆ. ಪಡೆದ ಬಗ್ಗೆ ವರದಿಯನ್ನೂ ಕಳುಹಿಸುತ್ತದೆ. ದರಪಟ್ಟಿಯನ್ನು ಹಂಚಿ ಸಹಿ ಪಡೆಯುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇದರ ಮೊದಲ ಲಾಭ ಅಂತರಜಾಲದ ಬಳಕೆಯಲ್ಲಿ ಕಾಣುತ್ತದೆ. ದಿನದ ಪಟ್ಟಿಯ ಗಾತ್ರ 30 ಎಂಬಿ ಎಂದು ಲೆಕ್ಕಕ್ಕೆ ಹಿಡಿದರೆ, 20 ಯಂತ್ರಗಳು ಬೇರೆಬೇರೆಯಾಗಿ ಪಡೆದಾಗ 600 ಎಂಬಿ ಆಗುತ್ತದೆ. ಕೇಂದ್ರ ಸರ್ವರ್ ಇದ್ದಲ್ಲಿ ಹೊರಗಿನಿಂದ ಬರುವುದು 30 ಎಂಬಿ ಮಾತ್ರ. ನಗರಗಳಲ್ಲಿ ಈ ಉಳಿತಾಯ ದೊಡ್ಡದೆನಿಸದಿರಬಹುದು. ಆದರೆ ಭಾನುವಾರದ ರಜೆಯ ಬಳಿಕ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲ ಯಂತ್ರಗಳೂ ಒಟ್ಟಿಗೆ ಚಾಲನೆಗೊಂಡಾಗ, ಬಿಲ್ ತಯಾರಿಸಲು ಪೋರ್ಟಲ್ ತೆರೆಯುವುದಿಲ್ಲವೆಂದು ಕಾದು ಕುಳಿತ ತಾಲ್ಲೂಕು ಕೇಂದ್ರದ ವ್ಯಾಪಾರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ. ಸರ್ವರ್ ರಾತ್ರಿಯೇ ಪಟ್ಟಿಯನ್ನು ತಂದಿಟ್ಟುಕೊಂಡರೆ ಈ ನೂಕುನುಗ್ಗಲು ತಪ್ಪುತ್ತದೆ.

ಎರಡನೆಯ ಲಾಭ ಶಿಸ್ತಿನದು. ಎಷ್ಟು ಗಂಟೆಗೊಮ್ಮೆ ನವೀಕರಣ, ಯಾವ ವೇಳೆಯಲ್ಲಿ ಪೂರ್ಣ ತಪಾಸಣೆ, ಪೆನ್‌ಡ್ರೈವ್ ಬಳಕೆಗೆ ಅನುಮತಿ ಇದೆಯೇ ಎಂಬ ನಿಯಮಗಳನ್ನು ಒಂದೇ ಕಡೆ ನಿಗದಿಪಡಿಸಬಹುದು. ತಂತ್ರಾಂಶವನ್ನು ನಿಲ್ಲಿಸಲು ಅಥವಾ ತೆಗೆದುಹಾಕಲು ಪಾಸ್‌ವರ್ಡ್ ಬೇಕೆಂದು ವಿಧಿಸಬಹುದು. ಮಧ್ಯಾಹ್ನದ ಬಿಲ್ಲಿಂಗ್ ವೇಳೆಯಲ್ಲಿ ತಪಾಸಣೆ ಆರಂಭವಾಗಿ ಯಂತ್ರ ನಿಧಾನವಾಗುವುದೇ ನೌಕರರು ಆಂಟಿವೈರಸ್ ನಿಲ್ಲಿಸಲು ಸಾಮಾನ್ಯ ಕಾರಣ. ತಪಾಸಣೆಯನ್ನು ಊಟದ ವಿರಾಮಕ್ಕೆ ಸರಿಸಿದರೆ ನಿಯಮವೂ ಉಳಿಯುತ್ತದೆ, ಕೆಲಸವೂ ನಡೆಯುತ್ತದೆ.

ಹೊರಗೆ ತಿರುಗುವ ಮಾರಾಟ ಪ್ರತಿನಿಧಿಗಳ ಲ್ಯಾಪ್‌ಟಾಪ್‌ಗಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕು. ಕಚೇರಿಯ ಸರ್ವರ್ ಕೈಗೆ ಸಿಗದಿದ್ದಾಗ ಅವು ನೇರವಾಗಿ ತಯಾರಕರಿಂದ ಪಟ್ಟಿ ಪಡೆಯುವಂತೆ ಮೊದಲೇ ಹೊಂದಿಸಿಡಬೇಕು. ಇಲ್ಲವಾದರೆ ಹದಿನೈದು ದಿನ ಹೊರಗಿದ್ದು ಮರಳಿದ ಲ್ಯಾಪ್‌ಟಾಪ್ ಹದಿನೈದು ದಿನ ಹಳೆಯ ಪಟ್ಟಿಯೊಂದಿಗೆ ಒಳಜಾಲವನ್ನು ಸೇರುತ್ತದೆ. ಇಂದು ಹಲವು ತಯಾರಕರು ನಿರ್ವಹಣಾ ಫಲಕವನ್ನು ಕ್ಲೌಡ್‌ನಲ್ಲಿಯೇ ಒದಗಿಸುವುದರಿಂದ, ಶಾಖೆಗಳೂ ಲ್ಯಾಪ್‌ಟಾಪ್‌ಗಳೂ ಹೆಚ್ಚಿರುವ ಸಂಸ್ಥೆಗಳು ಸ್ವಂತ ಸರ್ವರ್ ಇಲ್ಲದೆಯೂ ಇದೇ ಕ್ರಮವನ್ನು ಅನುಸರಿಸಬಹುದು.

ವರದಿಯನ್ನು ಓದುವ ಬಗೆ

ಕೇಂದ್ರ ಸರ್ವರ್‌ನ ನಿಜವಾದ ಪ್ರಯೋಜನ ಅದರ ವರದಿಯಲ್ಲಿದೆ. ಉದಾಹರಣೆಗಾಗಿ 20 ಯಂತ್ರಗಳ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ಸೋಮವಾರದ ವರದಿಯಲ್ಲಿ 16 ಯಂತ್ರಗಳು ಅಂದಿನ ಪಟ್ಟಿಯನ್ನು ಹೊಂದಿವೆ. ಉಳಿದ ನಾಲ್ಕರಲ್ಲಿ ಒಂದು ಲ್ಯಾಪ್‌ಟಾಪ್ 12 ದಿನಗಳಿಂದ ಸಂಪರ್ಕಕ್ಕೆ ಬಂದಿಲ್ಲ. ಗೋದಾಮಿನ ಯಂತ್ರವೊಂದು ದಿನವೂ ಸಂಪರ್ಕಕ್ಕೆ ಬರುತ್ತಿದೆ, ಆದರೆ ಪಟ್ಟಿಯ ದಿನಾಂಕ ಒಂದು ತಿಂಗಳ ಹಿಂದಿನದು. ಮೂರನೆಯ ಯಂತ್ರದ ಪರವಾನಗಿ ಮುಗಿದಿದೆ. ನಾಲ್ಕನೆಯದರಲ್ಲಿ ರಕ್ಷಣೆಯನ್ನು ನಿಲ್ಲಿಸಲಾಗಿದೆ.

ಶೇ. 80ರಷ್ಟು ಯಂತ್ರಗಳು ಸರಿಯಿವೆ ಎಂದು ಈ ವರದಿಯನ್ನು ಮುಚ್ಚಿಡುವುದು ಸಾಲಗಾರರ ಪಟ್ಟಿಯಲ್ಲಿ ಸಕಾಲಕ್ಕೆ ಹಣ ಕೊಟ್ಟವರ ಹೆಸರನ್ನು ಮಾತ್ರ ಓದಿದಂತೆ. ಓದಬೇಕಾದುದು ಬಾಕಿದಾರರ ಹೆಸರನ್ನು. ಆ ನಾಲ್ಕು ಯಂತ್ರಗಳೂ ಒಂದೇ ವರ್ಗಕ್ಕೆ ಸೇರಿದವಲ್ಲ ಎಂಬುದನ್ನೂ ತಿಳಿಯಬೇಕು. ಲ್ಯಾಪ್‌ಟಾಪ್ ಎಲ್ಲಿದೆಯೆಂದು ವಿಚಾರಿಸಿದರೆ ಉತ್ತರ ಸಿಗುತ್ತದೆ. ಪರವಾನಗಿಯನ್ನು ಹಣ ಕೊಟ್ಟು ಸರಿಪಡಿಸಬಹುದು. ರಕ್ಷಣೆಯನ್ನು ನಿಲ್ಲಿಸಿದವರು ಯಾರು, ಏಕೆ ಎಂದು ಕೇಳಬಹುದು. ಸಂಪರ್ಕದಲ್ಲಿದ್ದೂ ಪಟ್ಟಿಯನ್ನು ಸ್ವೀಕರಿಸದ ಗೋದಾಮಿನ ಯಂತ್ರವೇ ಇವೆಲ್ಲವುಗಳಲ್ಲಿ ಹೆಚ್ಚು ಸಂಶಯಾಸ್ಪದ. ಡಿಸ್ಕಿನಲ್ಲಿ ಜಾಗ ಮುಗಿದಿರಬಹುದು, ಗಡಿಯಾರ ತಪ್ಪಾಗಿರಬಹುದು, ತಂತ್ರಾಂಶ ಕೆಟ್ಟಿರಬಹುದು, ವೈರಸ್ ಒಳಗಿರಲೂಬಹುದು. ಕಾರಣ ಗೊತ್ತಾಗುವವರೆಗೆ ಅದರ ಜಾಲದ ತಂತಿಯನ್ನು ತೆಗೆದಿಡುವುದು ಕ್ಷೇಮ.

ಪಟ್ಟಿಯಲ್ಲಿಯೇ ಇಲ್ಲದ ಯಂತ್ರ

ವರದಿಯು ಎಷ್ಟೇ ಸ್ವಚ್ಛವಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಏಜೆಂಟ್ ಹಾಕದೇ ಇರುವ ಯಂತ್ರವನ್ನು ಸರ್ವರ್ ಸಾಮಾನ್ಯವಾಗಿ ಅರಿಯದು. ಹೀಗಾಗಿ, ನೂರಕ್ಕೆ ನೂರು ಯಂತ್ರಗಳು ಸುರಕ್ಷಿತ ಎಂದು ಫಲಕ ತೋರಿಸುತ್ತಿರುವಾಗಲೇ, ತೂಕದ ಸೇತುವೆಯ ಬಳಿಯ ಹಳೆಯ ಗಣಕಯಂತ್ರ ಯಾವ ರಕ್ಷಣೆಯೂ ಇಲ್ಲದೆ ಅದೇ ಜಾಲದಲ್ಲಿ ಇರಬಹುದು.

ಇದಕ್ಕೆ ಪರಿಹಾರ ಲೆಕ್ಕಶಾಸ್ತ್ರದಲ್ಲಿ ಮೊದಲಿನಿಂದಲೂ ಇದೆ. ದಾಸ್ತಾನು ಪುಸ್ತಕವನ್ನು ಗೋದಾಮಿನ ಸರಕಿನೊಂದಿಗೆ ತಾಳೆ ನೋಡುವಂತೆ, ಮೂರು ಪಟ್ಟಿಗಳನ್ನು ಎದುರುಬದುರು ಇಡಬೇಕು. ಮೊದಲನೆಯದು ಸ್ಥಿರಾಸ್ತಿ ವಹಿಯಲ್ಲಿರುವ ಗಣಕಯಂತ್ರಗಳ ಪಟ್ಟಿ. ಎರಡನೆಯದು ಕಟ್ಟಡದಲ್ಲಿ ಸುತ್ತಾಡಿ ಎಣಿಸಿದ ಪಟ್ಟಿ. ಮೂರನೆಯದು ಆಂಟಿವೈರಸ್ ಸರ್ವರ್ ತೋರಿಸುವ ಪಟ್ಟಿ. ವಹಿಯಲ್ಲಿದ್ದು ಎಣಿಕೆಯಲ್ಲಿಲ್ಲದ ಯಂತ್ರ ಕಳೆದುಹೋಗಿರಬಹುದು ಅಥವಾ ಗುಜರಿಗೆ ಹೋಗಿರಬಹುದು. ಎಣಿಕೆಯಲ್ಲಿದ್ದು ವಹಿಯಲ್ಲಿಲ್ಲದ ಯಂತ್ರ ನೌಕರರ ಸ್ವಂತದ್ದಾಗಿರಬಹುದು. ಎಣಿಕೆಯಲ್ಲಿದ್ದು ಸರ್ವರ್ ಪಟ್ಟಿಯಲ್ಲಿಲ್ಲದ ಯಂತ್ರವೇ ಬೇಲಿಯಲ್ಲಿರುವ ಕಂಡಿ. ಸರ್ವರ್ ಪಟ್ಟಿಯಲ್ಲಿದ್ದು ಎಲ್ಲಿಯೂ ಕಾಣದ ಹಳೆಯ ಹೆಸರುಗಳಿದ್ದರೆ ಅವು ವ್ಯರ್ಥವಾಗಿ ಪರವಾನಗಿಗಳನ್ನು ಹಿಡಿದಿಟ್ಟುಕೊಂಡಿರುತ್ತವೆ. ವರ್ಷಕ್ಕೆ ಎರಡು ಬಾರಿಯಾದರೂ ಈ ತಾಳೆ ನಡೆಯಬೇಕು. ವರ್ಷಾಂತ್ಯದ ದಾಸ್ತಾನು ಎಣಿಕೆಯೊಂದಿಗೆ ಅದನ್ನು ಸೇರಿಸಿದರೆ ಪ್ರತ್ಯೇಕ ಶ್ರಮವೂ ಬೇಕಿಲ್ಲ.

ನವೀಕರಣವೇ ಅಪಾಯವಾದಾಗ

ಹೊಸ ಪಟ್ಟಿಯನ್ನು ಎಲ್ಲ ಯಂತ್ರಗಳಿಗೂ ಒಮ್ಮೆಲೇ ಹಂಚುವ ಸಾಮರ್ಥ್ಯವು ತಪ್ಪನ್ನೂ ಒಮ್ಮೆಲೇ ಹಂಚಬಲ್ಲದು. 2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆ ಬಿಡುಗಡೆ ಮಾಡಿದ 5958ನೆಯ ಪಟ್ಟಿಯು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ತಪ್ಪಾಗಿ ಗುರುತಿಸಿತು. ಆ ಪಟ್ಟಿಯನ್ನು ಪಡೆದ ಯಂತ್ರಗಳು ಪದೇಪದೇ ಮರುಚಾಲನೆಗೊಂಡವು. ಜಾಲದ ಸಂಪರ್ಕವನ್ನೂ ಕಳೆದುಕೊಂಡವು. ಸಂಪರ್ಕವೇ ಇಲ್ಲದ ಯಂತ್ರಕ್ಕೆ ಸರಿಪಡಿಸಿದ ಪಟ್ಟಿಯನ್ನು ಸರ್ವರ್‌ನಿಂದ ಕಳುಹಿಸುವುದು ಸಾಧ್ಯವಿಲ್ಲವಾದ್ದರಿಂದ, ಯಂತ್ರದಿಂದ ಯಂತ್ರಕ್ಕೆ ಹೋಗಿ ಕೈಯಿಂದ ದುರಸ್ತಿ ಮಾಡಬೇಕಾಯಿತು.

2024ರ ಜುಲೈ 19ರ ಶುಕ್ರವಾರ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ದೋಷಯುಕ್ತ ಕಡತವೊಂದರಿಂದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂಪಡೆಯಲಾಯಿತಾದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಬಾಧಿತವಾಗಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಿದ್ದನ್ನು ಅನೇಕರು ಮರೆತಿರಲಾರರು. ಆ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂತ್ರಾಂಶದ ಹೊಸ ಆವೃತ್ತಿಯನ್ನು ತಡವಾಗಿ ಪಡೆಯುವಂತೆ ಹೊಂದಿಸಿಕೊಂಡಿದ್ದ ಗ್ರಾಹಕರಿಗೂ ರಕ್ಷಣೆ ದೊರೆಯಲಿಲ್ಲ. ಏಕೆಂದರೆ ಆ ಆಯ್ಕೆಯು ಆವೃತ್ತಿಗೆ ಅನ್ವಯಿಸುತ್ತಿತ್ತೇ ಹೊರತು ದಿನನಿತ್ಯದ ಕಡತಗಳಿಗಲ್ಲ.

ಆದ್ದರಿಂದ ಆಂಟಿವೈರಸ್ ಕೊಳ್ಳುವಾಗ ಮಾರಾಟಗಾರರನ್ನು ಸ್ಪಷ್ಟವಾಗಿ ಕೇಳಬೇಕಾದ ಪ್ರಶ್ನೆ ಇದು: ಗುರುತಿನ ಪಟ್ಟಿಯನ್ನೂ ಹಂತಹಂತವಾಗಿ ಹಂಚಲು ಸಾಧ್ಯವೇ? ಸಾಧ್ಯವಿದ್ದರೆ, ಎರಡು ಅಥವಾ ಮೂರು ಯಂತ್ರಗಳ ಒಂದು ಪ್ರಾಯೋಗಿಕ ಗುಂಪನ್ನು ರಚಿಸಿ ಅವುಗಳಿಗೆ ಮೊದಲು ಪಟ್ಟಿಯನ್ನು ನೀಡಬೇಕು. ಒಂದೆರಡು ತಾಸುಗಳ ಬಳಿಕ ಉಳಿದವುಗಳಿಗೆ ಕಳುಹಿಸಬೇಕು. ಪ್ರಾಯೋಗಿಕ ಗುಂಪಿನಲ್ಲಿ ಲೆಕ್ಕಪತ್ರ ತಂತ್ರಾಂಶವಿರುವ ಒಂದು ಯಂತ್ರ ಇರಲಿ. ಆದರೆ ಅದು ಏಕೈಕ ಬಿಲ್ಲಿಂಗ್ ಯಂತ್ರವಾಗಿರದಿರಲಿ. ಈ ಅಂತರವನ್ನು ದಿನಗಟ್ಟಲೆ ಬೆಳೆಸುವುದೂ ಸರಿಯಲ್ಲ. ತಪ್ಪು ಪಟ್ಟಿ ಬರುವುದು ಅಪರೂಪ, ಹೊಸ ವೈರಸ್ ಬರುವುದು ನಿತ್ಯ. ಹಿಂದಿನ ಪಟ್ಟಿಗೆ ಮರಳುವ ಸೌಲಭ್ಯ ಇದೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸಿಡಬೇಕು.

ಪಟ್ಟಿಯೊಂದೇ ಸಾಲದು

ಗುರುತಿನ ಪಟ್ಟಿ ಎಷ್ಟೇ ಹೊಸದಾಗಿದ್ದರೂ ಕಾರ್ಯಾಚರಣಾ ತಂತ್ರಾಂಶದ ಲೋಪಗಳನ್ನು ಅದು ಮುಚ್ಚುವುದಿಲ್ಲ. 2017ರ ಮೇ 12ರಂದು ಹರಡಿದ ವಾನಾಕ್ರೈ ವೈರಸ್ ಕಡತಗಳನ್ನು ಬೀಗ ಹಾಕಿ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಒತ್ತೆಹಣ ಕೇಳಿತು. ಅದು ಬಳಸಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತಿದ್ದುಪಡಿ ನೀಡಿತ್ತು. ನಡುವಿನ 59 ದಿನಗಳಲ್ಲಿ ತಿದ್ದುಪಡಿ ಹಾಕಿಕೊಂಡಿದ್ದ ಯಂತ್ರಗಳಿಗೆ ಜಾಲದ ಮೂಲಕ ಅದು ನುಸುಳಲಾಗಲಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಅಂತಹ ಯಂತ್ರದಲ್ಲಿ ಆಂಟಿವೈರಸ್ ಪಟ್ಟಿ ದಿನವೂ ಹೊಸದಾಗುತ್ತಿರಬಹುದು; ಆದರೆ ಗೋಡೆಯ ಬಿರುಕು ಹಾಗೆಯೇ ಉಳಿಯುತ್ತದೆ.

ಎಲ್ಲವೂ ವಿಫಲವಾದಾಗ ಉಳಿಯುವುದು ಬ್ಯಾಕಪ್ ಮಾತ್ರ. 2017ರ ಜೂನ್ 27ರ ನಾಟ್‌ಪೆಟ್ಯ ದಾಳಿ ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ನವೀಕರಣದ ಮೂಲಕವೇ ಹರಡಿತು. ಹಡಗು ಸಾಗಣೆಯ ದೈತ್ಯ ಸಂಸ್ಥೆ ಮಾರ್ಸ್ಕ್ 25ರಿಂದ 30 ಕೋಟಿ ಡಾಲರ್‌ವರೆಗೆ ನಷ್ಟವನ್ನು ಅಂದಾಜಿಸಿತು. ಹತ್ತು ದಿನಗಳಲ್ಲಿ 45,000 ಗಣಕಯಂತ್ರಗಳನ್ನೂ 4,000 ಸರ್ವರ್‌ಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತೆಂದು ಅದರ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸ್‌ನಲ್ಲಿ ತಿಳಿಸಿದರು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತವಾಯಿತು. ಅಷ್ಟು ದೊಡ್ಡ ಸಂಸ್ಥೆ ಮತ್ತೆ ಎದ್ದು ನಿಲ್ಲಬಲ್ಲದು. ಒಂದೇ ಗಣಕಯಂತ್ರದಲ್ಲಿ ಆರು ವರ್ಷಗಳ ಲೆಕ್ಕವಿಟ್ಟ ವ್ಯಾಪಾರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ದಿನದ ಬ್ಯಾಕಪ್‌ನ ಒಂದು ಪ್ರತಿ ಜಾಲದಿಂದ ಬೇರ್ಪಟ್ಟಿರಬೇಕು. ಯಂತ್ರಕ್ಕೆ ಸದಾ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್ ವೈರಸ್‌ಗೂ ಅಷ್ಟೇ ಸುಲಭವಾಗಿ ಸಿಗುತ್ತದೆ.

ಕಾನೂನಿನ ಹೊಣೆ

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅದರ ನಿಯಮಾವಳಿಯ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಯೋಗ್ಯ ಸಮಯದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು ವಿಧಿಸುತ್ತದೆ. ಕಂಪನಿಗಳಿಗೆ ಲೆಕ್ಕಪುಸ್ತಕಗಳ ರಕ್ಷಣೆಯ ಅವಧಿ ಎಂಟು ಹಣಕಾಸು ವರ್ಷಗಳು. ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ ಅನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ದಿನವೂ ಇಡಬೇಕೆಂಬ ನಿಯಮ 2022ರ ಆಗಸ್ಟ್‌ನಲ್ಲಿ ಬಂದಿತು.

ಇದಲ್ಲದೆ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ ವೈರಸ್, ರ್‍ಯಾನ್ಸಮ್‌ವೇರ್ ಮುಂತಾದ ದಾಳಿಗಳನ್ನು ಗಮನಕ್ಕೆ ಬಂದ 6 ತಾಸುಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಲಾಗಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ದಾಳಿ ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ ಆರಂಭವಾಯಿತೆಂದು ಆರು ತಾಸುಗಳಲ್ಲಿ ಹೇಳಬೇಕಾದರೆ, ಇಪ್ಪತ್ತು ಯಂತ್ರಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂರಲಾಗದು. ಕೇಂದ್ರ ಸರ್ವರ್‌ನ ದಾಖಲೆ ಇಲ್ಲಿ ನೇರವಾಗಿ ನೆರವಾಗುತ್ತದೆ. ಅದರಲ್ಲಿ ದಾಖಲೆಗಳು ಎಷ್ಟು ದಿನ ಉಳಿಯುವಂತೆ ಹೊಂದಿಸಲಾಗಿದೆ ಎಂಬುದನ್ನು ಪರಿಶೀಲಿಸಿ, ಕಡಿಮೆಯಿದ್ದರೆ ಹೆಚ್ಚಿಸಬೇಕು.

ವೆಚ್ಚ ಮತ್ತು ಹೊಣೆಗಾರಿಕೆ

ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮೊದಲಾದ ಭಾರತೀಯ ಸಂಸ್ಥೆಗಳೂ ಹಲವು ವಿದೇಶಿ ಸಂಸ್ಥೆಗಳೂ ಕೇಂದ್ರ ನಿರ್ವಹಣೆಯ ಸೌಲಭ್ಯವುಳ್ಳ ತಂತ್ರಾಂಶಗಳನ್ನು ಮಾರುತ್ತವೆ. ಬೆಲೆ ಸಾಮಾನ್ಯವಾಗಿ ಯಂತ್ರಗಳ ಸಂಖ್ಯೆ ಹಾಗೂ ವರ್ಷಗಳ ಮೇಲೆ ನಿರ್ಧಾರವಾಗುತ್ತದೆ. ಕೊಳ್ಳುವ ಮುನ್ನ ಬಿಡಿ ಪರವಾನಗಿಗಳ ಒಟ್ಟು ವೆಚ್ಚದೊಂದಿಗೆ ಹೋಲಿಸಿ ನೋಡಬೇಕು. ಬೇರೆಬೇರೆ ತಿಂಗಳುಗಳಲ್ಲಿ ಮುಗಿಯುವ ಇಪ್ಪತ್ತು ಪರವಾನಗಿಗಳ ಬದಲು ಒಂದೇ ದಿನಾಂಕಕ್ಕೆ ಮುಗಿಯುವ ಒಂದು ಪರವಾನಗಿ ಇರುವುದು ತಾನೇ ಒಂದು ಅನುಕೂಲ. ಆ ದಿನಾಂಕವನ್ನು ವಿಮಾ ಪಾಲಿಸಿಗಳ ನವೀಕರಣದ ಪಟ್ಟಿಯಲ್ಲಿಯೇ ಬರೆದಿಡುವುದು ಒಳ್ಳೆಯದು. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವ್ಯಾಪಾರಿಗಳು ವ್ಯವಹಾರಕ್ಕಾಗಿ ಮಾಡಿದ ಈ ವೆಚ್ಚದ ಮೇಲಿನ ತೆರಿಗೆಯನ್ನು ಷರತ್ತುಗಳಿಗೊಳಪಟ್ಟು ಹೂಡುವಳಿ ತೆರಿಗೆಯಾಗಿ ಪಡೆಯಬಹುದು.

ಸಣ್ಣ ಸಂಸ್ಥೆಗೆ ದುಬಾರಿ ಸರ್ವರ್ ಬೇಕಾಗಿಲ್ಲ. ಯುಪಿಎಸ್ ಇರುವ, ಸದಾ ಚಾಲನೆಯಲ್ಲಿರುವ ಸಾಧಾರಣ ಯಂತ್ರ ಸಾಕಾಗಬಹುದು. ಆದರೆ ಅದರ ಮೇಲೆ ಇಮೇಲ್ ನೋಡುವುದು, ಬ್ಯಾಂಕ್ ವ್ಯವಹಾರ ನಡೆಸುವುದು ಸಲ್ಲದು. ಎಲ್ಲ ಯಂತ್ರಗಳಿಗೂ ಆಜ್ಞೆ ನೀಡುವ ಯಂತ್ರ ವೈರಿಯ ಕೈಗೆ ಸಿಕ್ಕರೆ ಕೋಟೆಯ ಕೀಲಿಯನ್ನೇ ಒಪ್ಪಿಸಿದಂತೆ. ಅದರ ಪಾಸ್‌ವರ್ಡ್ ಗಣಕಯಂತ್ರ ದುರಸ್ತಿಗೆ ಬರುವ ಹೊರಗಿನವರಿಗೆ ಮಾತ್ರ ಗೊತ್ತಿರುವುದು ಅನೇಕ ಕಡೆ ಕಂಡುಬರುವ ಲೋಪ. ಬ್ಯಾಂಕಿನ ಲಾಕರ್ ಕೀಲಿಯಂತೆ ಅದರ ಒಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ಮಾಲೀಕರ ಬಳಿ ಇರಬೇಕು.

ತಿಂಗಳಿಗೊಂದು ತಾಸು

ಈ ವ್ಯವಸ್ಥೆಯನ್ನು ತಂತ್ರಜ್ಞರು ಸ್ಥಾಪಿಸಿಕೊಡಬಲ್ಲರು. ನಿಗಾ ಮಾತ್ರ ಮಾಲೀಕರದೇ. ದಿನವೂ ವರದಿ ನೋಡಲು ಒಬ್ಬ ನೌಕರರನ್ನು ಲಿಖಿತವಾಗಿ ನೇಮಿಸಿ, ಅವರು ರಜೆಯಲ್ಲಿರುವಾಗ ನೋಡುವವರ ಹೆಸರನ್ನೂ ಸೂಚಿಸಬೇಕು. ತಿಂಗಳಿಗೊಮ್ಮೆ ಮಾಲೀಕರೇ ಒಂದು ತಾಸು ಕುಳಿತು ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಟ್ಟು ಯಂತ್ರಗಳೆಷ್ಟು, ಸರ್ವರ್ ಪಟ್ಟಿಯಲ್ಲಿರುವವು ಎಷ್ಟು? ಮೂರು ದಿನಗಳಿಗಿಂತ ಹಳೆಯ ಪಟ್ಟಿ ಯಾವ ಯಂತ್ರದಲ್ಲಿದೆ, ಏಕೆ? ಈ ತಿಂಗಳು ಸಿಕ್ಕ ವೈರಸ್‌ಗಳು ಯಾವ ಯಂತ್ರದಲ್ಲಿ, ಯಾವ ಮಾರ್ಗದಿಂದ ಬಂದವು? ಪರವಾನಗಿ ಎಂದು ಮುಗಿಯುತ್ತದೆ? ಬ್ಯಾಕಪ್‌ನಿಂದ ಒಂದು ಕಡತವನ್ನು ಮರಳಿ ತೆರೆದು ನೋಡಿದ್ದು ಯಾವಾಗ? ಉತ್ತರಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು.

ದೀಪಾವಳಿಯಂತಹ ದೀರ್ಘ ರಜೆಯ ಬಳಿಕ ಬಾಗಿಲು ತೆರೆದ ದಿನ, ಅಂಚೆ ನೋಡುವ ಮೊದಲು ಪಟ್ಟಿಯ ದಿನಾಂಕ ನೋಡುವುದನ್ನು ರೂಢಿಸಿಕೊಳ್ಳಬೇಕು. ರಜೆಯ ನಾಲ್ಕು ದಿನಗಳಲ್ಲಿ ಬಂದು ಸೇರಿದ ಇಮೇಲ್‌ಗಳು ಮೊದಲು ತೆರೆದುಕೊಳ್ಳುವುದು ನಾಲ್ಕು ದಿನ ಹಳೆಯ ಪಟ್ಟಿಯ ಯಂತ್ರದಲ್ಲಿ ಆಗಬಾರದು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಸಣ್ಣ ಉದ್ದಿಮೆಗಳಲ್ಲಿ ದಿಡ್ಡಿ ಬಾಗಿಲು ತೆರೆದಿದೆಯೆಂದು ಗೊತ್ತಾಗುವುದೇ ಅನೇಕ ಬಾರಿ ಸೂರೆಯ ನಂತರ. ಎಲ್ಲ ಬಾಗಿಲುಗಳೂ ಒಂದೇ ಕಡೆಯಿಂದ ಕಾಣುವಂತಿದ್ದರೆ, ಮುಚ್ಚುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗದು.